ಆರು ಪಾಯಿಂಟಿನ ಅಕ್ಷರ

ಡಬ್ಬಿಯೊಳಗೆ ಮಾತ್ರೆಗಿಂತ ದೊಡ್ಡದು ಆ ಕಾಗದ.
ಎಂಟು ಮಡಿಕೆ. ಬಿಡಿಸಿದರೆ ಊಟದ ತಟ್ಟೆ ಮುಚ್ಚುವಷ್ಟು.
ಎಲ್ಲರೂ ಅದನ್ನು ಅಂಗಡಿಯ ಮೆಟ್ಟಿಲಲ್ಲೇ ಬಿಸಾಡುತ್ತಾರೆ,
ದುರ್ಗಿಗುಡಿಯ ಗಾಳಿ ಬಸ್ಸಿನ ಟಿಕೇಟಿನ ಜೊತೆ ಗುಡಿಸುತ್ತದೆ.

ನಾನು ಎತ್ತಿಟ್ಟುಕೊಂಡೆ, ಅಕ್ಷರ ನೋಡಿ.
ಆರು ಪಾಯಿಂಟು. ಇನ್ನೂ ಸಣ್ಣದಿದ್ದೀತು.
ಮೂವತ್ತೆಂಟು ವರ್ಷ ಮೊಳೆ ಜೋಡಿಸಿದ ಬೆರಳು
ಕಣ್ಣಿಗಿಂತ ಮೊದಲೇ ಅಳತೆ ಹೇಳುತ್ತದೆ.

ಹಾಲಮ್ಮನಿಗೆ ಕೆಮ್ಮು ಹಿಡಿದು ತಿಂಗಳು.
ಕಫವಿಲ್ಲ, ಜ್ವರವಿಲ್ಲ, ರಾತ್ರಿಯಾದರೆ
ಗೋಡೆಯಾಚೆಯವರೂ ಎದ್ದು ಕೂರುವಷ್ಟು.
ಎರಡು ಬಾಟಲಿ ಸಿರಪ್ಪು ಮುಗಿಯಿತು. ಆಡುಸೋಗೆ ಬೆಂದಿತು.
ಪಕ್ಕದ ಮನೆಯ ಸಿರಿಲ್ ಮಾಸ್ಟ್ರು
ತಮ್ಮ ಮಾತ್ರೆಯ ಹಾಳೆ ಕತ್ತರಿಸಿ ಮೂರು ಕೊಟ್ಟರು,
“ನನಗೆ ಇದರಲ್ಲೇ ಹೋಯ್ತು ನೋಡಿ.”
ಹೆಸರಿದ್ದ ತುದಿ ಅವರ ಕೈಯಲ್ಲೇ ಉಳಿಯಿತು.

ಆವತ್ತು ಪ್ರೆಸ್ಸಿನ ಹಳೇ ಭೂತಗನ್ನಡಿ ಹುಡುಕಿದೆ.
ಇಂಗ್ಲಿಷು ನನಗೆ ಓದಲು ಬಾರದು, ಜೋಡಿಸಲು ಬರುತ್ತದೆ,
ಅದೂ ತಲೆಕೆಳಗಾಗಿ.
ಸಿ, ಒ, ಯು, ಜಿ, ಎಚ್.
ಈ ಐದು ಮೊಳೆ ಗೊತ್ತು. ಸಾಗರದ ಪಂಡಿತರೊಬ್ಬರ
ಕೆಮ್ಮಿನ ಔಷಧಿಗೆ ಸಾವಿರಗಟ್ಟಲೆ ಲೇಬಲ್ಲು ಹೊಡೆದಿದ್ದೇವೆ.
ಬುಡದಲ್ಲಿ ಒಂದು ಸಾಲಿನ ಜಾಗ ಉಳಿದಿತ್ತು.
“ಏನಾದ್ರೂ ಹಾಕು ರೇವಣ್ಣ, ಬೋಳು ಕಾಣ್ತದೆ” ಅಂದರು ಮಾಲೀಕರು.
ನಾನೇ ಹಾಕಿದೆ, ದಪ್ಪ ಹದಿನಾಲ್ಕರಲ್ಲಿ:
ಯಾವುದೇ ಅಡ್ಡಪರಿಣಾಮವಿಲ್ಲ.
ಹೇಳಿದ್ದು ಯಾರೆಂದು ಯಾರೂ ಕೇಳಲಿಲ್ಲ.
ಪಂಡಿತರಿಗೂ ಹಿಡಿಸಿತು.

ಈ ಕಾಗದದಲ್ಲಿ ಆ ಸಾಲಿಲ್ಲ.
ಬಿಪಿ ಮಾತ್ರೆಯ ಕಾಗದ; ಅದರಲ್ಲಿ ಕೆಮ್ಮು.

ಔಷಧಿ ಅಂಗಡಿಯ ಶಾಹಿನಾ ಕೌಂಟರಿನ ಮೇಲೆ
ಮಡಿಕೆಗಳನ್ನು ಅಂಗೈಯಲ್ಲಿ ತೀಡಿ ಓದಿ ಹೇಳಿದಳು:
ಹತ್ತರಲ್ಲಿ ಒಬ್ಬರಿಗೆ ಒಣಕೆಮ್ಮು ಬರಬಹುದು.
ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ ತುಟಿ, ನಾಲಿಗೆ ಬಾತೀತು;
ಬಾತರೆ ಕಾಯಬೇಡಿ, ನೇರ ಮೆಗ್ಗಾನಿಗೆ.
“ಕೆಮ್ಮು ಯಾವತ್ತು ಶುರುವಾಯ್ತು? ಮಾತ್ರೆಗಿಂತ ಮೊದಲೋ, ಆಮೇಲೋ?
ಬೇರೆ ಏನೇನು ತಗೋತಾರೆ? ಕಷಾಯವೂ ಲೆಕ್ಕಕ್ಕೆ.
ನೀವಾಗೇ ನಿಲ್ಲಿಸ್ಬೇಡಿ ಮತ್ತೆ. ಡಾಕ್ಟರಿಗೆ ತೋರಿಸಿ.”
ನನ್ನ ಬಳಿ ಉತ್ತರವಿರಲಿಲ್ಲ.

ಸಾವಿರಕ್ಕೊಂದು.
ನನ್ನ ಕಸುಬಿನಲ್ಲಿ ಸಾವಿರ ಅಕ್ಷರಕ್ಕೆ ಒಂದೇ ತಪ್ಪೆಂದರೆ
ಒಳ್ಳೆಯ ಪ್ರೂಫು, ಟೀ ಕೊಡಿಸುತ್ತಿದ್ದರು.
ಒಂದು ಸಲ ಆ ಒಂದು, ಲಗ್ನಪತ್ರಿಕೆಯಲ್ಲಿ
ಹೆಣ್ಣಿನ ಹೆಸರಿನ ಮೇಲೆ ಬಿತ್ತು.
ವನಮಾಲ ಹೋಗಿ ವನಮಲ.
ಮುನ್ನೂರು ಪತ್ರಿಕೆ ಭದ್ರಾವತಿ ದಾಟಿದ್ದವು.
ಅವಳಪ್ಪ ಬೈಯಲಿಲ್ಲ. ಬಾಗಿಲಲ್ಲೇ ನಿಂತು ಬೆರಳಿಟ್ಟು ತೋರಿಸಿದ.
ಅವನ ಪಾಲಿಗೆ ಆ ಕಾಗದದಲ್ಲಿ ಬೇರೆ ಅಕ್ಷರವೇ ಇರಲಿಲ್ಲ.

ರಾತ್ರಿ ಇಬ್ಬರೂ ಕ್ಯಾಲೆಂಡರ್ ಹರವಿಕೊಂಡು ಕೂತೆವು.
ಮಾತ್ರೆ ತಂದದ್ದು ಗ್ಯಾಸ್ ಬಂದ ದಿನ, ಅದು ಬರೆದಿದೆ.
ಮೊದಲ ಕೆಮ್ಮು ಎದುರು ಮನೆಯ ಕೂಸಿನ ತೊಟ್ಟಿಲ ರಾತ್ರಿ,
“ಹಾಡು ಅರ್ಧಕ್ಕೇ ನಿಲ್ಲಿಸ್ಬೇಕಾಯ್ತಲ್ಲ.”
ನಡುವೆ ಹತ್ತೊಂಬತ್ತು ಮನೆ. ಪೆನ್ಸಿಲ್ಲಿನಲ್ಲಿ ಎಣಿಸಿದೆವು.
ಕೆಳಗೆ ಸಿರಪ್ಪು, ಆಡುಸೋಗೆ, ಮೊಣಕಾಲಿಗೆ ಅವಳು
ನನಗೆ ಹೇಳದೆ ನುಂಗುತ್ತಿದ್ದ ಹಳದಿ ಮಾತ್ರೆ,
ಅದನ್ನೂ ಬರೆಸಿದಳು, ಮುಖ ಆಚೆ ತಿರುಗಿಸಿ.

ಡಾಕ್ಟರ್ ಪ್ರಫುಲ್ಲಾ ಕ್ಯಾಲೆಂಡರ್ ನೋಡಿದರು,
ಹಳದಿಯ ಹತ್ತಿರ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬಿಪಿಯದು ಬದಲಾಯಿತು. ಹಳದಿ ಬಂದ್.
ಕೆಮ್ಮು ಮಾತ್ರ ಮರುದಿನವೇ ಹೋಗಲಿಲ್ಲ.
ಮೂರನೆಯ ವಾರ ಒಂದು ನಡುರಾತ್ರಿ
ನನಗೆ ಎಚ್ಚರವಾಯಿತು, ಏನೂ ಕೇಳಿಸದೆ.

ಹೊಸ ಡಬ್ಬಿಯಲ್ಲೂ ಕಾಗದವಿದೆ.
ಇದರಲ್ಲೂ ಹತ್ತರಲ್ಲೊಬ್ಬರು, ಸಾವಿರದಲ್ಲೊಬ್ಬರು.
“ಕಾಲು ಊದ್ತದಂತೆ ಕೆಲವರಿಗೆ” ಎಂದೆ.
ಹಾಲಮ್ಮ ಸೆರಗು ಸರಿಸಿ ಹಿಮ್ಮಡಿಯ ಮೇಲೆ ಹೆಬ್ಬೆರಳೊತ್ತಿ ನೋಡಿ
“ಇವತ್ತಿಗಿಲ್ಲ, ಬರ್ಕೊಳ್ಳಿ” ಅಂದಳು.
ಕಾಗದ ಹಳೇ ಮಡಿಕೆಗೆ ಹೋಗಲೊಲ್ಲದು. ಹಾಗೇ ಮೊಳೆಗೆ ಸಿಕ್ಕಿಸಿದೆ.

ಸಿರಿಲ್ ಮಾಸ್ಟ್ರ ಮೂರು ಮಾತ್ರೆ
ಇನ್ನೂ ಸಕ್ಕರೆ ಡಬ್ಬಿಯ ಹಿಂದಿವೆ.
ಭೂತಗನ್ನಡಿ ಹಿಡಿದು ತಿರುಗಿಸಿ ನೋಡಿದೆ.
ಬರೀ ಬೆಳ್ಳಿ ಹಾಳೆ. ಒಂದಕ್ಷರವೂ ಬಿದ್ದಿಲ್ಲ.